ಹೆರಿಗೆ ಆಸ್ಪತ್ರೆಯ ವಯಸ್ಸು

ಪಾರಂಪರಿಕ ಕಟ್ಟಡಗಳ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮುಂದಿನ ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ತಾವು ಕೆಡವಿಸಲಿರುವ ಹಳೆಯ ಹೆರಿಗೆ ಆಸ್ಪತ್ರೆಗೆ, ತಮ್ಮದೇ ಆದೇಶದ ಪ್ರಕಾರ, ಇಪ್ಪತ್ತಾರು ವರ್ಷ. ನನಗೆ ಅರವತ್ತಮೂರು. ನಾನು ಹುಟ್ಟಿದ್ದು ಆ ಕಟ್ಟಡದೊಳಗೆ. ಹಾಗಾದರೆ ನನ್ನ ತಾಯಿ ನನ್ನನ್ನು ಖಾಲಿ ನಿವೇಶನದಲ್ಲಿ ಹೆತ್ತಳೇ? ನನ್ನ ಜನನ ಪ್ರಮಾಣಪತ್ರದಲ್ಲಿ ಆ ಆಸ್ಪತ್ರೆಯ ಮೊಹರಿದೆ. ಅದನ್ನು ಒತ್ತಿದ್ದೂ ಸರ್ಕಾರವೇ, ಕಟ್ಟಡದ ವಯಸ್ಸು ಬರೆದದ್ದೂ ಸರ್ಕಾರವೇ. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ತಾವೇ ತೀರ್ಮಾನಿಸಿ ತಿಳಿಸಿದರೆ ನಾನು ಹುಟ್ಟಿದ್ದೇನೋ ಇಲ್ಲವೋ ಎಂಬ ಸಂಶಯವಾದರೂ ಈ ವಯಸ್ಸಿನಲ್ಲಿ ನಿವಾರಣೆಯಾದೀತು.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ವಾಸ್ತುಶಿಲ್ಪಿ, ಆದರೆ ಹೊಸದಾಗಿ ಏನನ್ನೂ ಕಟ್ಟಿದವನಲ್ಲ. ಎಂದೋ ಸತ್ತುಹೋದವರು ಕಟ್ಟಿದ್ದನ್ನು ಬೀಳದಂತೆ ನೋಡಿಕೊಳ್ಳುವುದೇ ಮೂವತ್ತಾರು ವರ್ಷಗಳಿಂದ ನನ್ನ ಕಸುಬು. ನನ್ನ ಹೆಂಡತಿ ಇದನ್ನು ನೆಂಟರಿಗೆ ವಿವರಿಸುವ ರೀತಿಯೇ ಬೇರೆ. "ಬೇರೆಯವರ ಗಂಡಂದ್ರು ಕಟ್ಟಿದ್ದನ್ನ ಬೆರಳು ಮಾಡಿ ತೋರಿಸ್ಬೋದು. ನಾನೇನ್ ತೋರಿಸ್ಲಿ? ನೋಡಿ, ಅದಿನ್ನೂ ಬಿದ್ದಿಲ್ಲ, ಅದೇ ನಮ್ಮನೆಯವರು ಮಾಡಿದ್ದು ಅಂತಾನಾ?" ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಇಪ್ಪತ್ತೆಂಟು ವರ್ಷಗಳ ಹಿಂದೆ ಈ ಹೆರಿಗೆ ಆಸ್ಪತ್ರೆಯ ದುರಸ್ತಿ ನನ್ನ ಪಾಲಿಗೆ ಬಂತು. ಆಸ್ಪತ್ರೆ ಅಷ್ಟರಲ್ಲಿ ಬೇರೆಡೆಗೆ ಹೋಗಿ, ಒಳಗೆ ತುಕ್ಕು ಹಿಡಿದ ಮಂಚಗಳೂ ಪಾರಿವಾಳಗಳೂ ಉಳಿದಿದ್ದವು. ಆಗ ಅದಕ್ಕೆ ನೂರಹದಿಮೂರು ವರ್ಷ. ಯಾರೋ ಪುಣ್ಯಾತ್ಮರು ಗೋಡೆಯ ಬುಡಕ್ಕೆಲ್ಲ ಸಿಮೆಂಟು ಮೆತ್ತಿದ್ದರು. ನೆಲದ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಅದು ಕಲ್ಲಿನೊಳಗೇ ಕೂತು, ಕೆಳಗಿನ ಐದು ಸಾಲುಗಳು ಉಗುರು ತಾಗಿಸಿದರೆ ರಸ್ಕಿನಂತೆ ಉದುರುತ್ತಿದ್ದವು. ಮೇಲಿನ ಇಪ್ಪತ್ತೆಂಟು ಸಾಲು, ಕಮಾನು, ತೊಲೆ ಎಲ್ಲವೂ ಗಟ್ಟಿಯಾಗಿದ್ದವು. ಆದ್ದರಿಂದ ಕೆಟ್ಟ ಇನ್ನೂರಹನ್ನೆರಡು ಕಲ್ಲುಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ, ಹೊಸದನ್ನು ಕೂರಿಸಿದೆವು. ಒಂದು ಕಲ್ಲು ತೆಗೆದರೆ ಅದರ ಮೇಲಿನ ಭಾರವನ್ನು ಮರದ ಆಸರೆಯ ಮೇಲೆ ಹೊರಿಸಬೇಕು, ಸುಣ್ಣದ ಗಾರೆ ಒಣಗುವವರೆಗೆ ಕಾಯಬೇಕು, ಆಮೇಲೆ ಪಕ್ಕದ ಕಲ್ಲು. ಎರಡು ವರ್ಷ ಹಿಡಿಯಿತು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ಒಂದು ನೇಮವಿದೆ. ಹಳೆಯದರ ನಡುವೆ ಹೊಸದನ್ನು ಸೇರಿಸಿದರೆ ಅದು ಹೊಸದೆಂದು ತಿಳಿಯುವಂತಿರಬೇಕು. ಮುಂದೆ ಬಂದು ನೋಡುವವನಿಗೆ ನಾವು ಸುಳ್ಳು ಹೇಳಬಾರದು. ಆದ್ದರಿಂದ ಬದಲಿಸಿದ ಪ್ರತಿ ಕಲ್ಲಿನ ಬಲ ಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿ, ದುರಸ್ತಿ ಮುಗಿಯುವ ವರ್ಷದ ಇಸವಿ ಕೆತ್ತಲು ಹೇಳಿದೆ. ಕಲ್ಲಿನ ಮೇಸ್ತ್ರಿ ಉಳಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಅವರು ನನಗಿಂತ ಹತ್ತು ವರ್ಷ ದೊಡ್ಡವರು, ಅಪ್ಪ ಅಜ್ಜನ ಕಾಲದಿಂದ ಅದೇ ಕೆಲಸ.

"ಸಾರ್, ತೇಪೆ ಹಾಕಿದ್ದು ಕಾಣಬಾರ್ದು ಅಂತ ನಮ್ಮಪ್ಪ ನನ್ನ ಬೆನ್ನ ಮೇಲೆ ಬಾರಿಸಿ ಕಲಿಸಿದ್ದು. ನೀವು ನೋಡಿದ್ರೆ ಊರಿಗೆಲ್ಲ ಡಂಗುರ ಹೊಡಿ ಅಂತೀರಾ."

"ಕಣ್ಣಿಗೆ ಕಾಣಬಾರ್ದು ಮೇಸ್ತ್ರಿ, ಹುಡುಕಿದೋರಿಗೆ ಸಿಗಬೇಕು."

"ಹುಡುಕೋರು ಒಳ್ಳೇದಕ್ಕೇ ಹುಡುಕ್ತಾರೆ ಅಂತ ಯಾರ್ ಹೇಳಿದ್ದು ನಿಮಗೆ?"

ಯಾರೂ ಹೇಳಿರಲಿಲ್ಲ. ಪುಸ್ತಕದಲ್ಲಿತ್ತು, ನಾನು ನಂಬಿದ್ದೆ. ಮೇಸ್ತ್ರಿ ಗೊಣಗುತ್ತಲೇ ಇನ್ನೂರಹನ್ನೆರಡು ಇಸವಿ ಕೆತ್ತಿದರು, ಅದೂ ಒಂದು ಅಂಕಿಯೂ ಸೊಟ್ಟಗಾಗದಂತೆ.

ಕೆಲಸ ಮುಗಿದಾಗ ನನ್ನ ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ನನ್ನನ್ನು ಹೆರುವಾಗ ನೋವು ತಡೆಯಲು ಮೇಲಿನ ತೊಲೆಗಳನ್ನು ಎಣಿಸುತ್ತಿದ್ದಳಂತೆ. ಉದ್ದನೆಯ ಆ ವಾರ್ಡಿನ ನಡುವೆ ನಿಂತು ಮತ್ತೆ ಎಣಿಸಿದಳು. ಹದಿನಾಲ್ಕು, ಸರಿಯಾಗಿತ್ತು. ಆಮೇಲೆ ಗೋಡೆ, ಕಿಟಕಿ, ನೆಲ ಎಲ್ಲ ನೋಡಿ, "ಎರಡು ವರ್ಷ ಇಲ್ಲಿ ಏನ್ ಮಾಡ್ತಿದ್ಯೋ? ಏನೂ ಮಾಡಿದ ಹಾಗೇ ಇಲ್ವಲ್ಲ!" ಎಂದಳು. ನನ್ನ ವೃತ್ತಿಜೀವನದಲ್ಲಿ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ. ಅವಳು ಈಗಿಲ್ಲ. ಇದ್ದಿದ್ದರೆ ತಮ್ಮ ಆದೇಶವನ್ನು ಅವಳಿಗೆ ಓದಿ ಹೇಳುವ ಧೈರ್ಯ ನನಗಾಗುತ್ತಿರಲಿಲ್ಲ.

ಆ ಆದೇಶ ಹುಟ್ಟಿದ ಬಗೆಯನ್ನು ತಮಗೆ ಯಾರಾದರೂ ಹೇಳಿದ್ದಾರೆಯೇ? ಆಸ್ಪತ್ರೆಯ ಜಾಗದಲ್ಲಿ ಬಹುಮಹಡಿ ವಾಹನ ನಿಲುಗಡೆ ಬೇಕೆಂದಾಯಿತು. ನೂರು ವರ್ಷ ದಾಟಿದ ಕಟ್ಟಡವನ್ನು ಮುಟ್ಟುವಂತಿಲ್ಲ ಎಂದು ಕಾನೂನಿದೆ. ತಮ್ಮ ಸಮಿತಿಯ ಮೂವರು ಪರಿಶೀಲನೆಗೆ ಬಂದರು. ಇಪ್ಪತ್ತೆರಡು ನಿಮಿಷ ಇದ್ದರು. ಕಾವಲುಗಾರನ ಪುಸ್ತಕದಲ್ಲಿ ಬಂದ ವೇಳೆ, ಹೋದ ವೇಳೆ ಎರಡೂ ಇವೆ. ಗೋಡೆಯ ಪಕ್ಕ ನಡೆಯುತ್ತಾ ಹೋದರು, ಅಲ್ಲಿ ಒಂದು ಇಸವಿ ಕಂಡಿತು, ಮುಂದೆ ಇನ್ನೊಂದು, ಅದರಾಚೆ ಮತ್ತೊಂದು. ಸೊಂಟದ ಎತ್ತರದೊಳಗೆ ಇರುವುದೆಲ್ಲ ನಾವು ಬದಲಿಸಿದ ಕಲ್ಲುಗಳೇ ತಾನೇ! ಆ ಮೂವರಲ್ಲಿ ಒಬ್ಬರಾದರೂ ಒಮ್ಮೆ ತಲೆ ಎತ್ತಿದ್ದರೆ, ಇಸವಿಯಿಲ್ಲದ ಇಪ್ಪತ್ತೆಂಟು ಸಾಲು ಕಾಣುತ್ತಿದ್ದವು. ತಲೆ ಎತ್ತಲಿಲ್ಲ. "ಕಟ್ಟಡದ ಮೇಲೆಯೇ ಕೆತ್ತಲಾದ ನಿರ್ಮಾಣ ವರ್ಷದ ಆಧಾರದಲ್ಲಿ ಸದರಿ ಕಟ್ಟಡವು ಪಾರಂಪರಿಕ ಪಟ್ಟಿಯಲ್ಲಿರಲು ಅರ್ಹವಲ್ಲ" ಎಂದು ಬರೆದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ತಾವು ಕಟ್ಟಿದಿರಿ, ಸಹಿ ಹಾಕಿದಿರಿ.

ನಾನು ಆಕ್ಷೇಪಣೆ ಸಲ್ಲಿಸಿದೆ. ಮೂಲ ನಕ್ಷೆಗಳನ್ನು ಹಾಜರುಪಡಿಸಿ ಎಂದರು. ಅವು ತಮ್ಮ ಕಚೇರಿಯಲ್ಲೇ ಇವೆ, ಇಪ್ಪತ್ತೆಂಟು ವರ್ಷಗಳ ಹಿಂದೆ ನಾನೇ ಕೊಟ್ಟಿದ್ದೇನೆ ಎಂದು ರಸೀದಿ ತೋರಿಸಿದೆ. ರಸೀದಿ ಸಿಕ್ಕಿತು, ಕಡತ ಸಿಗಲಿಲ್ಲ. ಸರಿ, ಅಡಿಗಲ್ಲು ನೋಡಿ ಎಂದೆ. ಅದು ಬಾಗಿಲ ಎಡಕ್ಕೆ ಇದೆ, ಕಟ್ಟಿದ ವರ್ಷ ಗೇಣುದ್ದದ ಅಂಕಿಗಳಲ್ಲಿದೆ. ಆದರೆ ಅದರ ಮೇಲೆ ಈಗೊಂದು ಹಿತ್ತಾಳೆ ಫಲಕ ಕೂತಿದೆ. ದುರಸ್ತಿಯಾದ ಕಟ್ಟಡದ ಬೀಗ ತೆಗೆಯಲು ಗಣ್ಯರೊಬ್ಬರು ಬಂದಿದ್ದರಲ್ಲ, ಅವರ ಫಲಕ. ಗೋಡೆಯಲ್ಲಿ ಬೇರೆ ಜಾಗ ಇಲ್ಲವೆಂದಲ್ಲ, ಅಡಿಗಲ್ಲು ನುಣುಪಾಗಿತ್ತು, ತಿರುಪು ಕೂರಿಸಲು ಸುಲಭವಾಯಿತು. ಫಲಕದ ಮೇಲೆ "ಈ ಕಟ್ಟಡವನ್ನು ಉದ್ಘಾಟಿಸಿದರು" ಎಂದಿದೆ, ಕೆಳಗೆ ಅದೇ ಇಪ್ಪತ್ತಾರು ವರ್ಷದ ಹಿಂದಿನ ತಾರೀಕು. ನಾಲ್ಕು ತಿರುಪು ಬಿಚ್ಚಿದರೆ ಸತ್ಯ ಕಾಣುತ್ತದೆ ಎಂದು ವಿಚಾರಣೆಯಲ್ಲಿ ಕೈಮುಗಿದು ಹೇಳಿದೆ. ತಮ್ಮ ಕಾರ್ಯದರ್ಶಿ ಬಹಳ ಸೌಜನ್ಯದ ಮನುಷ್ಯ. "ಫಲಕ ನಮ್ಮ ಇಲಾಖೆದಲ್ಲ ಸಾರ್. ಅವರಿಗೆ ಬರೀತೀವಿ. ಅವರು ಅನುಮತಿ ಕೊಟ್ರೆ ನಮ್ಮದೇನೂ ಅಭ್ಯಂತರ ಇಲ್ಲ" ಎಂದರು. ನಾಲ್ಕು ತಿರುಪಿಗೆ ಬರೆದ ಆ ಪತ್ರಕ್ಕೆ ಐದು ತಿಂಗಳಾಯಿತು. ಉತ್ತರ ಬಂದಿದೆಯೇ? ಕಟ್ಟಡ ಕೆಡವಲು ಅನುಮತಿ ಹನ್ನೊಂದು ದಿನದಲ್ಲಿ ಬಂತು.

ಆದರೂ ಒಂದು ಅವಕಾಶ ಇತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಎರಡನೆಯ ಪರಿಶೀಲನೆಗೆ ತಾವು ಒಪ್ಪಿದಿರಿ, ಹತ್ತು ದಿನದ ನೋಟಿಸು ಕೊಟ್ಟಿರಿ. ಆ ವಾರ ಮೇಸ್ತ್ರಿ ನನ್ನ ಕಚೇರಿಗೆ ಬಂದರು. ಎಪ್ಪತ್ತಮೂರು ವರ್ಷ, ಎರಡು ಮಹಡಿ ಹತ್ತಿ, ಏದುಸಿರು ಬಿಡುತ್ತಾ ನನ್ನ ನಕ್ಷೆಗಳ ಮೇಜಿನ ಮುಂದೆ ಕೂತರು. ಚೀಲದಲ್ಲಿ ಉಳಿಗಳಿದ್ದವು.

"ನಾಕು ದಿನದ ಕೆಲಸ ಸಾರ್. ಇಸವಿ ಇರೋ ಜಾಗ ಅರ್ಧ ನೂಲಿನಷ್ಟು ಆಳಕ್ಕೆ ಕೆತ್ತಿ ಒರಟು ಮಾಡ್ತೀನಿ. ಮೇಲೆ ಒಂಚೂರು ಮಣ್ಣು ನೀರು ಬಳಿದ್ರೆ ನಿಮಗೇ ಗುರುತು ಸಿಗಲ್ಲ. ಕಾವಲಿನವನು ನಮ್ಮೋನೇ. ಹೂಂ ಅನ್ನಿ."

ನಾನು ಹೂಂ ಅನ್ನಲಿಲ್ಲ. ಕಟ್ಟಡದ ಮೇಲಿನ ದಾಖಲೆ ಅಳಿಸಿದರೆ ನನಗೂ ಆ ಸಮಿತಿಗೂ ಏನು ವ್ಯತ್ಯಾಸ ಎಂದೆ. ಅಡಿಗಲ್ಲಿದೆ, ಮೇಲಿನ ಸಾಲುಗಳಿವೆ, ಕಣ್ಣಿರುವ ಒಬ್ಬನಾದರೂ ಬರುತ್ತಾನೆ ಎಂದೆ. ಇನ್ನೂ ಏನೇನೋ ಹೇಳಿದೆ. ವಿದ್ಯಾರ್ಥಿಗಳ ಮುಂದೆ ಮಾಡುವ ಭಾಷಣವನ್ನೇ ಆ ವಯಸ್ಸಾದವರ ಮುಂದೆ ಮಾಡಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಹಿಡ್ಕೊಂಡು ನಿಂತವರ ಮುಂದೆ ನೀವು ನ್ಯಾಯ ಹೇಳ್ತಾ ಕೂತಿದೀರಿ ಸಾರ್" ಎಂದು ಚೀಲ ಎತ್ತಿಕೊಂಡರು.

ಎರಡನೆಯ ಪರಿಶೀಲನೆಯ ದಿನ ಅವರೂ ಬಂದು ಗೇಟಿನ ಪಕ್ಕ ನಿಂತಿದ್ದರು. ಈ ಸಲ ಒಬ್ಬರೇ ಅಧಿಕಾರಿ, ಒಂದು ಕ್ಯಾಮೆರಾ. ನಾನು ಮೇಲೆ ನೋಡಿ ಎಂದು ಬೆರಳು ತೋರಿಸುತ್ತಲೇ ಇದ್ದೆ, ಅವರು ಬಗ್ಗಿ ಇಸವಿಗಳ ಚಿತ್ರ ತೆಗೆಯುತ್ತಲೇ ಇದ್ದರು. ನಲವತ್ತು ಚಿತ್ರ ತೆಗೆದು ಸಾಕೆಂದರು. "ಇಷ್ಟು ಸ್ಪಷ್ಟವಾಗಿ ಬರೆದಿರೋವಾಗ ನೀವ್ಯಾಕೆ ವಾದ ಮಾಡ್ತೀರಿ?" ಎಂದು ನನ್ನನ್ನು ಕೇಳಿದರು. ಮೇಸ್ತ್ರಿ ನನ್ನ ಕಡೆ ನೋಡದೆ ಹೊರಟುಹೋದರು. ಅಂದಿನಿಂದ ನನ್ನ ಫೋನು ಎತ್ತುವುದಿಲ್ಲ. ಕಳೆದ ವಾರ ಮನೆಗೆ ಹೋದೆ. ಅವರ ಸೊಸೆ ಬಾಗಿಲಲ್ಲೇ ನಿಂತು, "ಮಾವ ಮಲಗಿದಾರೆ" ಎಂದಳು. ಒಳಗಿನಿಂದ ಅವರ ಕೆಮ್ಮು ಕೇಳುತ್ತಿತ್ತು. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆಯಿಲ್ಲ. ರಸ್ತೆಯ ತಿರುವಿನವರೆಗೆ ಬಂದು, ಒಂದು ಗೋಡೆಗೆ ಒರಗಿ ನಿಂತು ಅತ್ತೆ.

ನಾನು ಮಾಡಿದ್ದು ಸರಿಯೇ? ಪ್ರತಿದಿನ ಕೇಳಿಕೊಳ್ಳುತ್ತೇನೆ. ಆ ನಾಲ್ಕು ದಿನ ಕಣ್ಣು ಮುಚ್ಚಿಕೊಂಡಿದ್ದರೆ ಹದಿನಾಲ್ಕು ತೊಲೆಗಳೂ ಇಪ್ಪತ್ತೆಂಟು ಸಾಲುಗಳೂ ಇನ್ನು ನೂರು ವರ್ಷ ನಿಲ್ಲುತ್ತಿದ್ದವು. ನನ್ನ ನೇಮ ಉಳಿಯಿತು, ಕಟ್ಟಡ ಹೋಯಿತು. ನೇಮವನ್ನು ಯಾರು ಬಂದು ನೋಡುತ್ತಾರೆ? ಅದಕ್ಕೇನು ಕಿಟಕಿಯಿದೆಯೇ, ಬಾಗಿಲಿದೆಯೇ? ಮೂವತ್ತಾರು ವರ್ಷದಲ್ಲಿ ಹನ್ನೊಂದು ಕಟ್ಟಡಗಳನ್ನು ಉಳಿಸಿದೆ ಎಂದುಕೊಂಡಿದ್ದೆ. ಒಂದರ ಮುಂಗೋಡೆಯನ್ನಷ್ಟೇ ಮುಖವಾಡದ ಹಾಗೆ ಬಿಟ್ಟು ಹಿಂದೆ ಅಂಗಡಿ ಮಳಿಗೆ ಕಟ್ಟಿದರು. ಎರಡಕ್ಕೆ ಆಕಸ್ಮಿಕವಾಗಿ ಬೆಂಕಿ ಬಿತ್ತು, ಎರಡಕ್ಕೂ ಭಾನುವಾರವೇ. ನಾಲ್ಕನ್ನು ರಸ್ತೆ ಅಗಲಿಸಲು ತೆಗೆದರು. ಸೋಮವಾರದ ನಂತರ ಮೂರು ಉಳಿಯುತ್ತವೆ. ಅವುಗಳ ಮೇಲೂ ನಾನು ಇಸವಿ ಕೆತ್ತಿಸಿದ್ದೇನೆ ಎಂಬುದನ್ನು ತಾವು ಹೇಗೂ ಕಂಡುಕೊಳ್ಳುತ್ತೀರಿ, ನಾನೇ ಹೇಳಿಬಿಟ್ಟರೆ ಇಪ್ಪತ್ತೆರಡು ನಿಮಿಷ ಉಳಿದೀತು. ಕಾಲೇಜಿನವರು ಈ ಸಲವೂ ಪಾಠಕ್ಕೆ ಕರೆದಿದ್ದರು. ಆಗುವುದಿಲ್ಲ ಎಂದೆ. ಹೊಸ ಕಲ್ಲಿನ ಮೇಲೆ ಇಸವಿ ಕೆತ್ತಿಸಿ ಎಂದು ಇನ್ನು ಯಾವ ಬಾಯಲ್ಲಿ ಹೇಳಲಿ? ಕೆತ್ತಿಸಬೇಡಿ ಎಂದೂ ಹೇಳಲಾರೆ.

ಕೆಡವಬೇಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದನ್ನು ಆರು ಅರ್ಜಿಗಳಲ್ಲಿ ಕೇಳಿಯಾಗಿದೆ, ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿದೆ. ಯಂತ್ರ ಈಗಾಗಲೇ ಬಂದು ಗೇಟಿನೊಳಗೆ ನಿಂತಿದೆ, ನಿನ್ನೆ ಕಣ್ಣಾರೆ ನೋಡಿದೆ. ನನ್ನ ಬೇಡಿಕೆ ಒಂದೇ, ಅದೂ ಬಹಿರಂಗವಾಗಿ. ತಮ್ಮ ಆದೇಶದ ಎರಡನೆಯ ಸಾಲಿನಲ್ಲಿ ಇಪ್ಪತ್ತಾರು ಎಂದಿರುವುದನ್ನು ಹೊಡೆದುಹಾಕಿ, ನೂರನಲವತ್ತೊಂದು ಎಂದು ತಿದ್ದಿ, ಪಕ್ಕದಲ್ಲಿ ತಮ್ಮ ಸಹಿ ಹಾಕಿ. ಹಾಗೆ ತಿದ್ದಿದರೆ ಕಾನೂನಿನ ಪ್ರಕಾರ ಕೆಡವುವಂತಿಲ್ಲ ಎಂದು ತಮ್ಮ ಕಾರ್ಯದರ್ಶಿ ಸೌಜನ್ಯದಿಂದ ನೆನಪಿಸಬಹುದು. ಪರವಾಗಿಲ್ಲ, ಆದರೂ ಕೆಡವಿ. ತಮ್ಮನ್ನು ತಡೆಯುವವರು ಯಾರೂ ಇಲ್ಲ ಎಂಬುದು ತಮಗೂ ಗೊತ್ತು, ನನಗೂ ಗೊತ್ತು. ನೂರನಲವತ್ತೊಂದು ವರ್ಷದ ಕಟ್ಟಡವೆಂದು ತಿಳಿದೇ ಕೆಡವಿದೆವು ಎಂದು ಕಡತದಲ್ಲಿ ಇರಲಿ. ಆ ಇಸವಿಗಳನ್ನು ನಾನು ಕೆತ್ತಿಸಿದ್ದು ಯಾರಿಗೂ ಮೋಸವಾಗದಿರಲಿ ಎಂದು. ಕೆಡವಲು ತಮಗೆ ಬೇಕಾದದ್ದು ಒಂದು ಕಾರಣವಾದರೆ ಅದನ್ನು ತಾವೇ ಕಂಡುಕೊಳ್ಳಿ, ನನ್ನ ಕೈಯಿಂದ ತೆಗೆದುಕೊಳ್ಳಬೇಡಿ.

ಇಂತಿ,
ಒಂದು ಸುಳ್ಳು ಹೇಳಲಾರದೆ ಒಂದು ಕಟ್ಟಡವನ್ನೂ ಒಬ್ಬ ಮೇಸ್ತ್ರಿಯನ್ನೂ ಕಳೆದುಕೊಂಡ,
ತಮ್ಮ ಪಟ್ಟಿಯ ಪ್ರಕಾರ ಇನ್ನೂ ಮಾನ್ಯತೆ ಇರುವ ಸಂರಕ್ಷಣಾ ವಾಸ್ತುಶಿಲ್ಪಿ