ಹೆಂಚಿನ ಚೂರುಗಳ ನಕ್ಷೆ

ನವೆಂಬರ್ ೧೪, ಮಂಗಳವಾರ
ಮಧ್ಯಾಹ್ನ

ನನ್ನ ಮುದ್ದಿನ ಅಕ್ಕಾ,

ಬೈಯಬೇಡ, ಬೈಯಬೇಡ, ಬೈಯಬೇಡ! ಮದುವೆಯಾಗಿ ನಲವತ್ತೊಂದು ದಿನವಾಯಿತು, ನಿನಗೆ ಒಂದು ಸಾಲೂ ಬರೆದಿಲ್ಲ. "ಗಂಡ ಸಿಕ್ಕಿದ ಮೇಲೆ ಇವಳಿಗೆ ಅಕ್ಕ ಯಾಕೆ ಬೇಕು?" ಎಂದು ಭಾವನ ಮುಂದೆ ಮೂತಿ ತಿರುವಿರುತ್ತೀಯ, ನನಗೆ ಗೊತ್ತು. ಫೋನ್ ಮಾಡೋಣವೆಂದರೆ ಇಲ್ಲಿ ಗೋಡೆ ತೆಳು, ಅತ್ತೆಯ ಕಿವಿ ಚುರುಕು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನುಂಗಿಕೊ.

ಮೊದಲು ಸಿಹಿ ಸುದ್ದಿ: ನಾನು ತುಂಬಾ ತುಂಬಾ ಸುಖವಾಗಿದ್ದೇನೆ. ಇವರು ಬೆಳಿಗ್ಗೆ ಒಂದು ಕೆನ್ನೆ ಬೋಳಿಸಿ, ಇನ್ನೊಂದು ಕೆನ್ನೆಯಲ್ಲಿ ಸೋಪಿನ ನೊರೆ ಹೊತ್ತುಕೊಂಡೇ ಹೊಳೆಗೆ ಓಡುತ್ತಾರೆ. ನೀರಿನ ಮಟ್ಟ ಅಳೆಯಬೇಕಂತೆ! ಅತ್ತೆ, "ಮೊದಲ ಹೆಂಡ್ತಿ ಕರೀತಿದಾಳೆ, ಹೋಗ್ಲಿ ಬಿಡು" ಎನ್ನುತ್ತಾರೆ. ನಾನು ಬಿದ್ದು ಬಿದ್ದು ನಗುತ್ತೇನೆ.

ನಗುತ್ತಿದ್ದೆ ಎನ್ನಬೇಕು. ಅಕ್ಕಾ, ಇಲ್ಲಿ ರಕ್ತ ಹರಿದಿದೆ.

ಇವರ ಕೆಲಸ ನಿನಗೆ ಗೊತ್ತಲ್ಲ, ಹೊಳೆಯ ಉದ್ದಕ್ಕೂ ಇರುವ ಹತ್ತು ಊರಿನವರನ್ನು ಕೂರಿಸಿ, ನೀರು, ಹುಲ್ಲು, ಮರಳು ಮೂರನ್ನೂ ಹೇಗೆ ಉಳಿಸಿಕೊಳ್ಳಬೇಕೆಂದು ಅವರಿಂದಲೇ ಯೋಜನೆ ಮಾಡಿಸುವುದು. ಹತ್ತೂ ಊರು ಸಹಿ ಹಾಕಿದರೆ ಹೊಳೆಯ ಉಸ್ತುವಾರಿ ಅವರಿಗೇ ಸಿಗುತ್ತದೆ. ಒಂದು ಊರು ತಪ್ಪಿದರೂ ಹೊಳೆಯ ಮರಳು ತುಂಬಿದ ತಿರುವು ಐದು ವರ್ಷ ಮರಳು ಗುತ್ತಿಗೆಯ ಯಜಮಾನನ ಪಾಲು. ಅವನ ಲಾರಿಗಳು ಈಗಲೇ ಕದ್ದು ಅಗೆದು ಅಗೆದು, ಕೆಳಗಿನ ನಾಲ್ಕು ಊರಿನ ಬಾವಿಗಳಲ್ಲಿ ಬರೀ ಕೆಸರು.

ಪಂಚಾಯ್ತಿ ಹಾಲ್‌ನಲ್ಲಿ ನಡೆದ ಮೊದಲ ಸಭೆಯೇ ಕುರುಕ್ಷೇತ್ರ. ಕೆಳಗಿನ ಊರಿನವನೊಬ್ಬ ಎದ್ದು, "ನೀವು ಮೇಲೆ ಕೂತು ಹೀರ್ತೀರಿ, ನಮಗೆ ಬರೋದು ನಿಮ್ಮ ಎಂಜಲು!" ಎಂದ. ಮೇಲಿನವನು, "ಹೀರೋಕೆ ನಿಮ್ಮಪ್ಪ ಪಂಪು ಕೊಡಿಸಿದ್ನೇನೋ?" ಎಂದ. ಅಷ್ಟೇ, ಕುರ್ಚಿಗಳು ಹಾರಿದವು. ಒಬ್ಬನ ಮೂಗು ಒಡೆದು ನನ್ನ ಹೊಸ ದುಪಟ್ಟಾದ ಮೇಲೆಲ್ಲ ರಕ್ತ. ಇವರ ಭುಜಕ್ಕೆ ಬೆಂಚಿನ ಕಾಲು ಬಿತ್ತು. ಆಗ ಮೇಕೆ ಅಜ್ಜಿ ಮೇಜು ಹತ್ತಿ ನಿಂತಳು. ಮೇಲಿನ ಗುಡ್ಡದ ಬುಡದಲ್ಲಿ ಹನ್ನೊಂದು ಮೇಕೆ ಸಾಕಿಕೊಂಡಿರುವ ಒಂಟಿ ಮುದುಕಿ ಅವಳು.

"ಹೊಡೆದಾಡಿ ಮಕ್ಕಳಾ, ಚೆನ್ನಾಗಿ ಹೊಡೆದಾಡಿ. ಹೆಣ ತೊಳೆಯೋಕಾದ್ರೂ ನೀರು ಬೇಕಲ್ಲ, ಅದನ್ನೆಲ್ಲಿಂದ ತರ್ತೀರಿ?"

ಎತ್ತಿದ ಕುರ್ಚಿಗಳು ಕೆಳಗಿಳಿದವು. ಅಜ್ಜಿ ಮುಂದುವರಿಸಿದಳು: "ಇವತ್ತಿಂದ ಮೂರು ವರ್ಷ ನನ್ನ ಮೇಕೆ ಆ ಗುಡ್ಡ ಹತ್ತಲ್ಲ. ಹುಲ್ಲು ಬೆಳೀಲಿ, ಒರತೆ ಬರ್ಲಿ. ನಾನು ಬಿಟ್ಟೆ. ಈಗ ನೀವೇನು ಬಿಡ್ತೀರಿ, ಬೊಗಳಿ." ಅಲ್ಲಿಂದ ಒಬ್ಬೊಬ್ಬರೇ ಬಗ್ಗಿದರು. ದಿನ ಬಿಟ್ಟು ದಿನ ಪಂಪು ಎಂದಾಯಿತು. ಕೆಳಗಿನವರು ಮೇಕೆಗೆ ಹುಲ್ಲು ಕೊಡುವುದೆಂದಾಯಿತು. ನಾನು ಅತ್ತೇಬಿಟ್ಟೆ ಅಕ್ಕಾ, ಅಷ್ಟು ಚೆಂದವಿತ್ತು.

ಆಮೇಲೆ ನಕ್ಷೆ. ಆ ಹಾಲ್‌ನ ಹಿಂದಿನ ಕೋಣೆಯ ನೆಲದ ಮೇಲೆ ಸುಣ್ಣದಲ್ಲಿ ಹೊಳೆಯನ್ನು ಬರೆದು, ಬಾಗಿಲಿಗೆ ಪರದೆ ಕಟ್ಟಿದರು. ಒಬ್ಬೊಬ್ಬರೇ ಒಳಗೆ ಬಂದು, ಒರತೆ ಇರುವ ಕಡೆ ಬಿಳಿ ಕಲ್ಲು, ಕದ್ದು ಮರಳು ಅಗೆಯುವ ಕಡೆ ಕೆಂಪು ಹೆಂಚಿನ ಚೂರು ಇಟ್ಟು ಹೋಗಬೇಕು. ಯಾರು ಏನಿಟ್ಟರು ಎಂಬುದು ಹೊರಗೆ ಗೊತ್ತಾಗಬಾರದು. ಅದನ್ನು ನೋಡಿ ಹಾಳೆಗಿಳಿಸಲು ಮಾತ್ರ ಒಬ್ಬರು ಒಳಗಿರಬೇಕಲ್ಲ? ಕುಲುಮೆ ನಡೆಸುವ ಕಮ್ಮಾರಣ್ಣನೇ ನನ್ನನ್ನು ತೋರಿಸಿದ. "ಈ ಹೊಸ ಹುಡುಗಿ ಕೂರ್ಲಿ. ಯಾರ ಹೆಸರೂ ಗೊತ್ತಿಲ್ಲದೋಳು ಯಾರನ್ನ ಹಿಡಿದುಕೊಡ್ತಾಳೆ?" ಎಲ್ಲರೂ ನಕ್ಕು ಒಪ್ಪಿದರು. ಗುರುವಾರ ನಕ್ಷೆ ಹಾಲ್‌ನ ಗೋಡೆ ಏರಿತು.

ಶನಿವಾರ ಬೆಳಿಗ್ಗೆ ಮರಳಿನ ಯಜಮಾನನ ನಾಲ್ವರು ಆಳುಗಳು ಕಮ್ಮಾರಣ್ಣನ ಕುಲುಮೆಗೆ ನುಗ್ಗಿದರು. ಅವನ ಹೆಂಡತಿ ತಿದಿ ಒತ್ತುತ್ತಿದ್ದಳಂತೆ. ಅವಳ ಕಣ್ಣೆದುರೇ ಅವನ ಎಡಗೈಯನ್ನು ಅಡಿಗಲ್ಲಿನ ಮೇಲಿಟ್ಟು, "ಹೆಂಚಿಟ್ಟಿದ್ದು ಇದೇ ಕೈಯಲ್ಲಿ ಅಲ್ವೇನೋ?" ಎಂದು ಅವನದೇ ಸುತ್ತಿಗೆಯಿಂದ ಮೂರು ಏಟು. ನಾಲ್ಕು ಬೆರಳು ಹೋದವು. ಅದೇ ಹೊತ್ತಿಗೆ ಗುಡ್ಡದ ಬುಡದ ದೊಡ್ಡಿಯಲ್ಲಿ ಅಜ್ಜಿಯ ಮೇಕೆಗಳ ಹಿಂಗಾಲಿನ ನರ ಕೊಯ್ದಿದ್ದರು. ಅಡ್ಡ ಬಂದ ಅಜ್ಜಿಯ ತಲೆಗೆ ಸಲಿಕೆಯ ಹಿಡಿ ಬಿತ್ತು. ನಾವು ಹೋದಾಗ ಹನ್ನೊಂದೂ ಮೇಕೆಗಳು ಮುಂಗಾಲಿನಲ್ಲೇ ತೆವಳಿ ಅವಳ ಸುತ್ತ ಸೇರಿದ್ದವು. ಆ ಅರಚಾಟ ಇನ್ನೂ ನನ್ನ ಕಿವಿಯಲ್ಲಿದೆ. ಅಜ್ಜಿ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಒಂಬತ್ತು ಹೊಲಿಗೆ ಬಿದ್ದಿದೆ, ಬಲಗಣ್ಣು ತೆರೆಯುತ್ತಿಲ್ಲ. ಅತ್ತೆ ಗಂಜಿ ಕುಡಿಸಲು ಹೋದರೆ, "ನನ್ನ ಕಣ್ಣು ಹಾಳಾಗ್ಲಿ, ಮೇಕೆಗಳಿಗೆ ನೀರು ಕೊಟ್ರಾ?" ಎಂದಳು. ಅವುಗಳನ್ನು ಇವರೇ ಕಣ್ಣು ಮುಚ್ಚಿಕೊಂಡು ಕೊಲ್ಲಿಸಬೇಕಾಯಿತು. ಅವಳಿಗೆ ಇನ್ನೂ ಹೇಳಿಲ್ಲ.

ನಿನ್ನೆ ನಮ್ಮವರೂ ಮೃಗಗಳಾದರು. ಮೇಲಿನ ಊರಿನವರು ಯಜಮಾನನ ಲಾರಿ ತಡೆದು, ಡ್ರೈವರನನ್ನು ಎಳೆದು, ಡೀಸೆಲ್ ಸುರಿದು ಕಡ್ಡಿ ಗೀರಿದರು. ಇವರು ನುಗ್ಗಿ ಅವನನ್ನು ಹೊಳೆಗೆ ಉರುಳಿಸಿದರು. ಅವನು ಬದುಕಿದ, ಆದರೆ ತೊಡೆಯ ಚರ್ಮ ಸುಲಿದುಹೋಗಿದೆ. ಇವರ ಒಂದು ಹುಬ್ಬು ಸುಟ್ಟಿದೆ. ಜನರಿಗೆ ಅಷ್ಟೇ ಸಾಕಾಯಿತು. ಕಮ್ಮಾರಣ್ಣನ ತಮ್ಮ ಚಪ್ಪಲಿ ಬಿಚ್ಚಿ ಇವರ ಕೆನ್ನೆಗೆ ಬಾರಿಸಿದ. "ಯಜಮಾನನ ಆಳನ್ನ ಕಾಪಾಡ್ತೀಯಾ? ನಮ್ಮ ಹೆಸರು ಮಾರಿಕೊಂಡವನು ನೀನೇ!"

ಇವರು ತಿರುಗಿ ಹೊಡೆಯಲಿಲ್ಲ. ಎಲ್ಲರೆದುರು ನನ್ನ ತಲೆಯ ಮೇಲೆ ಕೈಯಿಟ್ಟರು. "ಇವಳ ಮೇಲಾಣೆ. ಆ ಕೋಣೆಯಿಂದ ಒಂದು ಹೆಸರೂ ಹೊರಗೆ ಹೋಗಿಲ್ಲ."

ನಾಳೆ ಹತ್ತು ಗಂಟೆಗೆ ಸಹಿಯ ಸಭೆ. ಹಿಡಿದುಕೊಟ್ಟವರು ಯಾರೆಂದು ತಿಳಿಯದೆ ಪೆನ್ನು ಮುಟ್ಟುವುದಿಲ್ಲ ಎಂದು ಏಳು ಊರಿನವರು ಹೇಳಿದ್ದಾರೆ. "ಸಿಕ್ಕಿದ್ರೆ ಹೊಳೆ ಮರಳಲ್ಲೇ ಹೂಳ್ತೀವಿ" ಎಂದು ಕಮ್ಮಾರಣ್ಣನ ತಮ್ಮ ಊರು ತುಂಬ ಸಾರಿದ್ದಾನೆ. ಹೋಗಬೇಡಿ ಎಂದರೆ ಇವರು, "ನಾನು ಹೋಗದಿದ್ರೆ ನಾನೇ ಅಂತಾಯ್ತಲ್ಲ ಕಣೇ" ಎಂದು ಸುಟ್ಟ ಹುಬ್ಬು ಏರಿಸಿ ನಗುತ್ತಾರೆ. ಆ ನಗೆ ನೋಡಿದರೆ ನನ್ನ ಎದೆ ಬಿರಿಯುತ್ತದೆ.

ಅಮ್ಮನಿಗೆ ಇದ್ಯಾವುದನ್ನೂ ಹೇಳಬೇಡ. ನಾನು ದಪ್ಪಗಾಗಿದ್ದೇನೆ ಎಂದಷ್ಟೇ ಹೇಳು. ಭಾವನಿಗೆ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ಅವಳು ನೂರು ವರ್ಷ ಯಾರಿಗೂ ಹೆದರದೆ ಬಾಳಲಿ.

ನಿನ್ನ ಪ್ರೀತಿಯ
ಗಿಣಿ

ಮರೆತ ಮಾತು: ಇಲ್ಲ, ಮರೆತಿದ್ದಲ್ಲ. ಇದನ್ನು ಬರೆಯಲೆಂದೇ ಮೇಲಿನದನ್ನೆಲ್ಲ ಬರೆದೆ.

ಅದು ನಾನೇ, ಅಕ್ಕಾ. ಗಂಡನ ಊರಿನ ಮುಖಗಳನ್ನೆಲ್ಲ ಬೇಗ ಕಲಿತು ಇವರನ್ನು ಬೆರಗುಗೊಳಿಸಬೇಕೆಂಬ ಆಸೆ ನನಗೆ. ಒಬ್ಬೊಬ್ಬರು ಚೂರು ಇಟ್ಟು ಹೋದಂತೆ ಹಾಳೆಯಲ್ಲಿ ಅದರ ಚುಕ್ಕೆಯ ಪಕ್ಕದಲ್ಲೇ ಸಣ್ಣಗೆ ಗುರುತು ಬರೆದುಕೊಂಡೆ: ಲೆಫ್ಟ್ ಹ್ಯಾಂಡ್ ಬ್ಲ್ಯಾಕ್‌ಸ್ಮಿತ್ ಅಂಕಲ್, ಗೋಟ್ ಗ್ರಾನಿ. ಇಂಗ್ಲಿಷಿನಲ್ಲಿ. ಇಲ್ಲಿ ಯಾರು ಓದುತ್ತಾರೆ ಎಂದುಕೊಂಡಿದ್ದೆ. ಗೋಡೆಗೆ ಬೇರೆ ಪ್ರತಿ ಬರೆಯಬೇಕಿತ್ತು. ಅಷ್ಟರಲ್ಲಿ ಇವರು ಬಾಗಿಲಲ್ಲಿ ನಿಂತು, "ಹೊಳೆ ದಂಡೆಗೆ ಬರ್ತೀಯಾ?" ಎಂದರು. ನಾನು ಇದ್ದದ್ದನ್ನೇ ಅಂಟಿಸಿ ಓಡಿದೆ. ಶುಕ್ರವಾರ ಯಜಮಾನನ ಮಗ ಬಂದು ಫೋಟೋ ತೆಗೆದುಕೊಂಡ. "ವೆರಿ ನೀಟ್ ವರ್ಕ್, ಮೇಡಂ" ಎಂದ. ನಾನು ನಾಚಿಕೊಂಡು ಥ್ಯಾಂಕ್ಸ್ ಹೇಳಿದೆ.

ಶನಿವಾರ ಸಂಜೆ ಹಾಳೆ ಕಿತ್ತು ಒಲೆಗೆ ಹಾಕಿದೆ, ಆ ಗಲಾಟೆಯಲ್ಲಿ ಯಾರೂ ಗೋಡೆ ಕಡೆ ನೋಡಲಿಲ್ಲ. ಭಾನುವಾರ ಕಮ್ಮಾರಣ್ಣನ ಹೆಂಡತಿ ಪೊಲೀಸರಿಗೆ ದೂರು ಬರೆಸಲು ನನ್ನ ಹತ್ತಿರವೇ ಬಂದಳು. "ಹಿಡಿದುಕೊಟ್ಟವರು ಯಾರೆಂದು ತಿಳಿದಿಲ್ಲ" ಎಂದು ನನ್ನ ಕೈಯಾರೆ ಬರೆದೆ. ಅವಳು ಅದರ ಕೆಳಗೆ ಹೆಬ್ಬೆಟ್ಟು ಒತ್ತಿ ನನ್ನ ಕೆನ್ನೆ ಸವರಿ ಹೋದಳು.

ಇವರಿಗೂ ಹೇಳಿಲ್ಲ. ಮೂರು ದಿನದಿಂದ ಬಾಯಿ ತೆರೆಯುತ್ತೇನೆ, ಮುಚ್ಚುತ್ತೇನೆ. ಅದಕ್ಕೇ ನಾಳೆ ಮೊದಲು ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ, ಆಮೇಲೆ ಸಭೆಗೆ ಹೋಗುತ್ತೇನೆ. ಒಮ್ಮೆ ನಿನಗೆ ತಿಳಿಯುತ್ತದೆಂದು ಖಾತ್ರಿಯಾದರೆ, ಅಲ್ಲಿ ಎದ್ದು ನಿಲ್ಲದೆ ನನಗೆ ಬೇರೆ ದಾರಿ ಇರುವುದಿಲ್ಲ.