ಒಳಮುಚ್ಚಳದ ಗೀರು

ಗದಗ, ಫೆಬ್ರವರಿ 30, 2187

ಈ ವಾಚನ್ನು ಮುಂದೆಂದಾದರೂ ಬಿಚ್ಚಲಿರುವವರಿಗೆ,

ತಾರೀಖು ನೋಡಿ ತಪ್ಪೆಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ನನ್ನ ಅಕ್ಷರ ಸೊಟ್ಟ, ಮಾತು ನಿಮಗೆ ಹಳೆಯದೆನಿಸಬಹುದು, ಕ್ಷಮಿಸಿ. ಇಲ್ಲಿ ಯಾರೂ ಕೈಯಿಂದ ಬರೆಯುವುದಿಲ್ಲ. ಶಾಲೆಯಲ್ಲಿ ಕಲಿಸುವುದೂ ಇಲ್ಲ, ಕಲಿಸಿದ್ದರೂ ನಾನು ಏಳನೆಯ ಇಯತ್ತೆಗೇ ಬಿಟ್ಟವಳು.

ನಮಗೆ ಹೊತ್ತು ತಿಳಿಸುವುದು ಕಿವಿಗಂಟೆ, ಹುಟ್ಟಿದ ವರ್ಷವೇ ಕಿವಿಯೊಳಗೆ ಕೂರಿಸುವ ಕಾಳಿನಷ್ಟು ಯಂತ್ರ. ಸ್ವಿಟ್ಜರ್ಲೆಂಡಿನ ಹಳೆಯ, ಕೀ ಕೊಡುವ ವಾಚುಗಳನ್ನು ಕೆಲವು ಮನೆಯವರು ಮಾತ್ರ, ಸತ್ತವರ ಕೈಯಲ್ಲಿದ್ದವೆಂಬ ಕಾರಣಕ್ಕೆ, ನಡೆಸಿಕೊಂಡು ಬಂದಿದ್ದಾರೆ. ಅಂಥವನ್ನು ರಿಪೇರಿ ಮಾಡುವ ಮಕ್ತುಂಸಾಬರ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೇನೆ. ರಿಪೇರಿ ಮಾಡಿದವರು ಹಿಂಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಹೆಸರು, ತಾರೀಖು ಗೀರುವುದು ಬಹಳ ಹಳೆಯ ರೂಢಿ. ನಾನು ಅಕ್ಷರ ಕಲಿತದ್ದೇ ಆ ಗೀರುಗಳಿಂದ.

ಈ ವಾಚು ದಾನಮ್ಮನವರದು. ಅವರ ಮಗ ಗುರುಪಾದ ನಮ್ಮ ಅಂಗಡಿಯಲ್ಲೇ ಕೆಲಸ ಕಲಿತವನು, ಹಿಂದೆ ಇದನ್ನು ರಿಪೇರಿ ಮಾಡಿದವನೂ ಅವನೇ. ಮೂವತ್ತೊಂದನೆಯ ವಯಸ್ಸಿಗೆ ತೀರಿಕೊಂಡ. ಹೋದ ತಿಂಗಳು ವಾಚು ನಿಂತಿತೆಂದು ದಾನಮ್ಮ ತಂದುಕೊಟ್ಟರು. ಒಂಬತ್ತು ದಿನ ಕೂತು ಗಾಲಿಗಳ ಮೇಲೆ ಒಣಗಿದ ಎಣ್ಣೆ ತೆಗೆದೆ, ಮುರಿದ ಸ್ಪ್ರಿಂಗಿನ ಜಾಗಕ್ಕೆ ಬೇರೊಂದು ಹೊಂದಿಸಿದೆ. ವಾಚು ನಡೆಯಿತು. ಆ ಹುಮ್ಮಸ್ಸಿನಲ್ಲಿ, ಯಾರೂ ನೋಡದ ಒಳಮೈಯೂ ಹೊಳೆಯಲಿ ಎಂದು ಮುಚ್ಚಳವನ್ನು ಪಾಲಿಶ್ ಗಾಲಿಗೆ ಹಿಡಿದೆ. ಅಲ್ಲಿದ್ದ ಗೀರೆಲ್ಲ ಅಳಿಸಿಹೋಯಿತು. ಮೊದಲು ಓದಬೇಕಿತ್ತು. ಓದಲು ಬರುತ್ತಿತ್ತು, ಅಷ್ಟು ಹೊತ್ತು ಸುಮ್ಮನಿರಲು ಬರಲಿಲ್ಲ.

ಅಲ್ಲಿ ಏನಿತ್ತೆಂದು ಆಮೇಲೆ ಮಕ್ತುಂಸಾಬರು ಹೇಳಿದರು: "ಅವ್ವಾ, ಕೀ ಭಾಳ ತಿರುವಬ್ಯಾಡ. ಗುರು." ಆ ಮಗನ ಕೈಬರಹ ಬೇರೆಲ್ಲೂ ಇರಲಿಲ್ಲ.

"ಅವನ ಅಕ್ಷರ ನನ್ನ ಕಣ್ಣಾಗ ಅದಾವು. ನಾ ಹೇಳ್ತೀನಿ, ನೀ ಗೀರು. ಆಕಿಗೆ ಗೊತ್ತಾಗಂಗಿಲ್ಲ," ಎಂದರು.

ಒಲ್ಲೆ ಎಂದೆ.

"ನಿನ್ನ ಖರೇ ಮಾತು ತಗೊಂಡು ಆಕಿ ಏನ್ ಮಾಡ್ಲಿ ಬೇ?" ಎಂದು ಕೇಳಿ, ಸೂಜಿಯನ್ನು ನನ್ನ ಮುಂದಿಟ್ಟು ಹೊರಗೆ ಹೋದರು. ಸೂಜಿ ಕೈಗೆತ್ತಿಕೊಂಡದ್ದೂ ನಿಜ. ಗೀರಲಾಗಲಿಲ್ಲ.

ದಾನಮ್ಮ ಬಂದಾಗ ಮುಚ್ಚಳ ತೆಗೆದು ತೋರಿಸಿ, ನಾನೇ ಅಳಿಸಿದೆ ಎಂದೆ. ಅವರು ಬೈಯಲಿಲ್ಲ. ಹೆಬ್ಬೆರಳಿನಿಂದ ಒಳಮೈಯನ್ನು ಬಹಳ ಹೊತ್ತು ಸವರಿದರು. "ಎಷ್ಟ್ ನುಣ್ಣಗಾಗೇತಿ ನೋಡು," ಎಂದರು. ಆಮೇಲೆ, "ಇದು ಇಲ್ಲೇ ಇರಲಿ. ಹೊತ್ತು ಹೇಳಾಕ ನನಗ ಕಿವಿಗಂಟಿ ಐತಿ," ಎಂದು ಎದ್ದುಹೋದರು.

ಸುಳ್ಳು ಗೀರಿದ್ದರೆ ವಾಚನ್ನು ಕೈಗೆ ಕಟ್ಟಿಕೊಂಡು ಹೋಗುತ್ತಿದ್ದರು. ಅದು ನನಗೆ ಗೊತ್ತು. ಮಕ್ತುಂಸಾಬರಿಗೂ ಗೊತ್ತು, ಅಂದಿನಿಂದ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿಲ್ಲ.

ಮುಚ್ಚಳದಲ್ಲಿ ನನ್ನ ಹೆಸರು ಗೀರಿಲ್ಲ. ಈ ಕಾಗದವನ್ನು ವಾಚಿನ ಡಬ್ಬಿಯಲ್ಲಿಡುತ್ತಿದ್ದೇನೆ. ದಯವಿಟ್ಟು ನೀವೂ ಅಲ್ಲಿ ಏನೂ ಬರೆಯಬೇಡಿ. ದಾನಮ್ಮನವರ ಕಡೆಯವರು ಯಾರಾದರೂ ಕೇಳಿಕೊಂಡು ಬಂದರೆ ವಾಚು ಕೊಟ್ಟುಬಿಡಿ. ಇಲ್ಲಿ ಒಬ್ಬ ಮಗ ತನ್ನ ಅವ್ವನಿಗೆ ಬರೆದದ್ದಿತ್ತು, ಫಕೀರವ್ವ ಎಂಬವಳು ಅಳಿಸಿದಳು ಎಂದು ಹೇಳಿ.

ಫಕೀರವ್ವ