ಎರಡನೆಯ ಬ್ರೇಕು

ಪ್ರೀತಿಯ ಮಗಳೇ,

ನಿನ್ನಮ್ಮನ ಕೈಗೆ ಹಾಕಿದ ಪ್ಲಾಸ್ಟರ್ ಮುಂದಿನ ವಾರ ತೆಗೆಯುತ್ತಾರೆ. ಅಲ್ಲಿಯವರೆಗೆ ಒಲೆಯ ಮುಂದೆ ನಾನೇ.

ನನಗೆ ಅಡುಗೆ ಕಲಿಸಲೆಂದು ನೀನೇ ತಯಾರಿಸಿ ಫೋನಿಗೆ ಹಾಕಿಕೊಟ್ಟ ಆಟವನ್ನು ಗೊಣಗಿಕೊಂಡೇ ಆಡಿದೆ. ಪರದೆಯ ಮೇಲೆ ಈರುಳ್ಳಿ ಮತ್ತೆ ಮತ್ತೆ ಸೀದುಹೋಯಿತು. ಆದರೂ ಆಟ ‘ಸೋತಿರಿ’ ಅನ್ನಲಿಲ್ಲ. ‘ಉರಿ ಸಣ್ಣ ಮಾಡಿ, ಇನ್ನೊಮ್ಮೆ ನೋಡೋಣ’ ಅಂದಿತು. ನಿನ್ನೆ ನಿಜವಾದ ಬಾಣಲೆಯಲ್ಲೇ ಈರುಳ್ಳಿ ಹದವಾಗಿ ಕೆಂಪಗಾಯಿತು. ಮೊಟ್ಟೆ ಒಡೆದು ಹಾಕಿದೆ. ನಿನ್ನಮ್ಮ ತಿಂದು ನೋಡಿ, “ಸೀದೇ ಇಲ್ವಲ್ಲ! ಯಾವ ಹೋಟೆಲಿಂದ ತಂದ್ರಿ?” ಅಂದಳು.

ಡ್ರೈವಿಂಗ್ ಶಾಲೆಯಲ್ಲಿ ಇಷ್ಟು ವರ್ಷ ಕಿರುಚಿಯೇ ಕಲಿಸಿದವನು ನಾನು. ಇವತ್ತು ಕಲಿಯಲು ಬಂದ ಒಬ್ಬ ಹೆಂಗಸು ತಿರುವಿನಲ್ಲಿ ಗಾಡಿ ಆಫ್ ಮಾಡಿಕೊಂಡರು. ಕಿರುಚಲು ಬಾಯಿ ತೆರೆದವನಿಗೆ ನಿನ್ನ ಆಟ ನೆನಪಾಯಿತು. “ಕ್ಲಚ್ ನಿಧಾನಕ್ಕೆ ಬಿಡಿ, ಇನ್ನೊಮ್ಮೆ ನೋಡೋಣ” ಅಂದೆ. ಅವರು ಸಲೀಸಾಗಿ ತಿರುಗಿಸಿದರು. ಕಲಿಸುವವನಿಗೆಂದು ನನ್ನ ಕಾಲಡಿ ಇರುವ ಎರಡನೆಯ ಬ್ರೇಕು ಬೇಕಾಗಲೇ ಇಲ್ಲ.

ನೀನು ಗೇಮ್ ಡಿಸೈನ್ ಪದವಿಗೆ ಸೇರುತ್ತೇನೆ ಅಂದಾಗ, “ಆಟದಿಂದ ಹೊಟ್ಟೆ ತುಂಬುತ್ತಾ? ಸುಮ್ನೆ ಕಂಪ್ಯೂಟರ್ ಪದವಿಗೆ ಸೇರು” ಎಂದು ರೇಗಿದ್ದೆ. ನಿನ್ನೆ ಇಬ್ಬರ ಹೊಟ್ಟೆಯೂ ತುಂಬಿತು. ಆ ಗೇಮ್ ಡಿಸೈನ್ ಪದವಿಯಲ್ಲಿ ಪ್ರೋಗ್ರಾಮಿಂಗನ್ನೂ ಸರಿಯಾಗಿ ಕಲಿಸುತ್ತಾರಾ ಎಂದು ಓದುತ್ತಿರುವವರನ್ನು ಒಂದು ಮಾತು ಕೇಳು. ಆಮೇಲೆ ನಿನಗೆ ಸರಿ ಕಂಡದ್ದಕ್ಕೆ ಸೇರಿಕೋ. ಬ್ರೇಕಿನ ಮೇಲಿಂದ ಕಾಲು ತೆಗೆದಿದ್ದೇನೆ.

ಅನ್ನ ಮಾತ್ರ ಇನ್ನೂ ಮುದ್ದೆಯಾಗುತ್ತಿದೆ. ಆಟದ ಮುಂದಿನ ಹಂತ ಬೇಗ ಕಳಿಸು.

ಇಂತಿ,
ಸೌಟು ಹಿಡಿದ ನಿನ್ನ ಅಪ್ಪ